ಏಳು ದಿನದ ಶಿಬಿರ, ಎಂಟನೆಯ ದಿನದ ಊರು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪದವಿ ಕಾಲೇಜೊಂದರ ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿ ಮಾಡಿದ ಭಾಷಣ)



ಕಾಲೇಜಿನ ವಿದ್ಯಾರ್ಥಿಗಳು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆಂದು ಊರಿಗೆ ಬಂದು ಏಳು ದಿನ ತಂಗುವುದನ್ನು ತಮ್ಮಲ್ಲಿ ಅನೇಕರು ಕಂಡಿದ್ದೀರಿ. ಶಾಲೆಯ ಕೊಠಡಿ ತೆರೆಸಿಕೊಟ್ಟಿದ್ದೀರಿ, ನೀರು ದೀಪಗಳ ವ್ಯವಸ್ಥೆ ಮಾಡಿದ್ದೀರಿ, ಸಮಾರೋಪದಲ್ಲಿ ಮಕ್ಕಳನ್ನು ಹರಸಿ ಕಳುಹಿಸಿದ್ದೀರಿ. ಆ ಉಪಕಾರವನ್ನು ಸ್ಮರಿಸುತ್ತಾ, ಇಂದು ಶಿಬಿರ ಮುಗಿದ ಮರುದಿನದ, ಅಂದರೆ ಎಂಟನೆಯ ದಿನದ ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ಬಯಸುತ್ತೇನೆ.

ಗಾಂಧೀಜಿಯವರ ಜನ್ಮಶತಮಾನೋತ್ಸವದ ಸಂದರ್ಭದಲ್ಲಿ, 1969ರ ಸೆಪ್ಟೆಂಬರ್ 24ರಂದು, ಈ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾಯಿತು. ಅದಕ್ಕೆ ಚಾಲನೆ ನೀಡಿದ ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಲೋಕಸಭೆಯಲ್ಲಿ ಬಳ್ಳಾರಿ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದರು. ‘ನನಗಲ್ಲ, ನಿನಗೆ’ ಎಂಬುದು ಯೋಜನೆಯ ಧ್ಯೇಯವಾಕ್ಯ. ಸ್ವಯಂಸೇವಕನಾದ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಜೊತೆಗೆ ಒಂದು ವಿಶೇಷ ಶಿಬಿರದಲ್ಲಿ ಪಾಲ್ಗೊಳ್ಳಬೇಕು. ಐವತ್ತು ಮಂದಿ ದಿನಕ್ಕೆ ನಾಲ್ಕು ಗಂಟೆಯಂತೆ ಏಳು ದಿನ ದುಡಿದರೆ 1,400 ಗಂಟೆಗಳ ಶ್ರಮವಾಗುತ್ತದೆ. ಇಷ್ಟು ಶ್ರಮದ ಫಲ ಊರಿನಲ್ಲಿ ಉಳಿಯುತ್ತಿದೆಯೇ ಎಂಬುದೇ ನನ್ನ ಪ್ರಶ್ನೆ.

ನನ್ನದೇ ತಪ್ಪಿನಿಂದ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಶಿಬಿರಾರ್ಥಿಗಳು ಒಂದು ಊರಿನ ಗೋಕಟ್ಟೆಯ ಹೂಳೆತ್ತಿದರು. ಸಾಲಾಗಿ ನಿಂತು, ಕೈಯಿಂದ ಕೈಗೆ ಮಂಕರಿ ದಾಟಿಸಿ, ಮಣ್ಣನ್ನೆಲ್ಲ ದಂಡೆಯ ಮೇಲೆ ರಾಶಿ ಹಾಕಿದರು. ಸಮಾರೋಪವಾಯಿತು, ಛಾಯಾಚಿತ್ರ ತೆಗೆದದ್ದಾಯಿತು, ನಾವು ಹೊರಟೆವು. ಆ ರಾಶಿಯನ್ನು ಸಾಗಿಸುವವರು ಯಾರೆಂದು ನಾನು ಪಂಚಾಯಿತಿಯನ್ನು ಕೇಳಿರಲಿಲ್ಲ. ಅದು ಕಾಲೇಜಿನ ಕೆಲಸವೆಂದು ಊರಿನವರು ತಿಳಿದಿದ್ದರು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಮಣ್ಣಿನ ಬಹುಪಾಲು ಮತ್ತೆ ಕಟ್ಟೆಗೇ ಇಳಿಯಿತು.

ಮೊದಲ ವರ್ಷದ ಬಿ.ಎ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಅದನ್ನು ನೋಡಿಬಂದು, “ಸರ್, ನಾವು ಮಣ್ಣು ಎತ್ತಿದೆವು. ಅದು ಎಲ್ಲಿಗೆ ಹೋಗಬೇಕು ಎಂದು ಯಾರನ್ನೂ ಕೇಳಲಿಲ್ಲ” ಎಂದಳು. ಮರುವರ್ಷ ಅವಳೇ ಘಟಕದ ನಾಯಕಿಯಾದಳು. ಶಿಬಿರಕ್ಕೆ ಒಂದು ತಿಂಗಳು ಮೊದಲೇ ನಾಲ್ವರು ಗೆಳತಿಯರೊಡನೆ ಅದೇ ಊರಿಗೆ ಹೋಗಿ, ವಾರ್ಡಿನ ಸದಸ್ಯರನ್ನು ಕಂಡು, ವಾರ್ಡ್ ಸಭೆಯಲ್ಲಿ ವಿಷಯ ಮಂಡಿಸಿದಳು. ಹೂಳುಮಣ್ಣು ಹೊಲಕ್ಕೆ ಒಳ್ಳೆಯದೆಂಬುದು ರೈತರಿಗೆ ಹೊಸ ಸಂಗತಿಯಲ್ಲ. ನೀವು ಎತ್ತಿದಂತೆಲ್ಲ ನಾವು ಒಯ್ಯುತ್ತೇವೆ ಎಂದು ಅವರು ಒಪ್ಪಿದರು. ಆ ವರ್ಷ ದಂಡೆಯ ಮೇಲೆ ರಾಶಿ ಉಳಿಯಲಿಲ್ಲ. ನಾಯಕತ್ವದ ಕುರಿತು ಶಿಬಿರಗಳಲ್ಲಿ ನಾನು ಏರ್ಪಡಿಸಿದ ಉಪನ್ಯಾಸಗಳು ಕಲಿಸದಿದ್ದುದನ್ನು ಆ ಒಂದು ವಾರ್ಡ್ ಸಭೆ ಅವಳಿಗೆ ಕಲಿಸಿತು.

ಈ ಅನುಭವದಿಂದ ತಮ್ಮಲ್ಲಿ ನಾಲ್ಕು ವಿನಂತಿಗಳು.

ಮೊದಲನೆಯದು, ಶಿಬಿರದ ಕೆಲಸವನ್ನು ಊರೇ ಆರಿಸಲಿ. ದಿನಾಂಕ ನಿಗದಿಯಾದ ಕೂಡಲೇ ವಿದ್ಯಾರ್ಥಿ ನಾಯಕರನ್ನು ವಾರ್ಡ್ ಸಭೆಗೆ ಕರೆಯಿರಿ. ಏಳು ದಿನಗಳಲ್ಲಿ ಪೂರ್ಣಗೊಳ್ಳುವ ಒಂದೇ ಕೆಲಸವನ್ನು ಗೊತ್ತುಮಾಡಿ. ಪ್ರತಿದಿನ ಪಂಚಾಯಿತಿಯೇ ಮಾಡಿಸಬೇಕಾದ ಚರಂಡಿ ಸ್ವಚ್ಛತೆಯನ್ನು ಮಕ್ಕಳ ಕೈಗೆ ಕೊಟ್ಟರೆ ಕೊರತೆ ಒಂದು ವಾರದ ಮಟ್ಟಿಗೆ ಮರೆಯಾಗುತ್ತದೆ, ನೀಗುವುದಿಲ್ಲ. ಊರಿನ ಕೂಲಿಕಾರರಿಗೆ ಸಲ್ಲಬೇಕಾದ ಕೆಲಸವನ್ನೂ ಶ್ರಮದಾನದ ಹೆಸರಿನಲ್ಲಿ ಮಾಡಿಸಬಾರದು.

ಎರಡನೆಯದು, ವಿದ್ಯಾರ್ಥಿಗಳ ಕೈಗೆ ನಿಲುಕದ ಭಾಗವನ್ನು ಪಂಚಾಯಿತಿ ವಹಿಸಿಕೊಳ್ಳಲಿ. ಗುದ್ದಲಿ, ಮಂಕರಿ, ಸಾಗಣೆ, ಅನುಮತಿ, ಪ್ರಥಮ ಚಿಕಿತ್ಸೆ ಇವಕ್ಕೆಲ್ಲ ಒಬ್ಬ ಸದಸ್ಯರು ಮತ್ತು ಒಬ್ಬ ಸಿಬ್ಬಂದಿ ಹೊಣೆಗಾರರೆಂದು ಮೊದಲೇ ನಿಶ್ಚಯವಾಗಿರಲಿ. ಗಿಡ ನೆಡಿಸುವುದಾದರೆ ಬೇಸಿಗೆಯಲ್ಲಿ ನೀರೆರೆಯುವವರು ಯಾರೆಂಬುದು ಗುಂಡಿ ತೋಡುವ ಮುನ್ನವೇ ತೀರ್ಮಾನವಾಗಲಿ.

ಮೂರನೆಯದು, ಅವರ ವಿದ್ಯೆಗೂ ಕೆಲಸ ಕೊಡಿ. ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಹರಾಗಿದ್ದೂ ಅರ್ಜಿ ಹಾಕದ ವೃದ್ಧರು, ನೀರು ಬಾರದ ನಲ್ಲಿಗಳು, ಶಾಲೆ ಬಿಟ್ಟ ಮಕ್ಕಳು, ಉರಿಯದ ಬೀದಿದೀಪಗಳು ಇವುಗಳ ಪಟ್ಟಿಯನ್ನು ಮನೆಮನೆಗೆ ಹೋಗಿ ಸಿದ್ಧಪಡಿಸಲು ಅವರು ಸಮರ್ಥರು. ಕುಟುಂಬದವರು ಒಪ್ಪಿ ಹೇಳಿದ್ದನ್ನಷ್ಟೇ ಬರೆದುಕೊಳ್ಳಲಿ. ಆಧಾರ್ ಅಥವಾ ಬ್ಯಾಂಕ್ ಖಾತೆಯ ಸಂಖ್ಯೆ ಕೇಳುವುದು ಬೇಡ.

ನಾಲ್ಕನೆಯದು, ಮತ್ತು ಮುಖ್ಯವಾದದ್ದು, ಆ ಪಟ್ಟಿ ಗ್ರಾಮ ಸಭೆಗೆ ಬರಲಿ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ನಡೆಯಲೇಬೇಕಷ್ಟೆ. ಶಿಬಿರದ ನಂತರದ ಸಭೆಯ ಕಾರ್ಯಸೂಚಿಯಲ್ಲಿ ವಿದ್ಯಾರ್ಥಿಗಳ ವರದಿಗೆ ಸ್ಥಾನ ಕೊಡಿ. ಅವರೇ ಓದಲಿ, ಜನರು ಪ್ರಶ್ನಿಸಲಿ, ನಿರ್ಣಯವು ನಡವಳಿ ಪುಸ್ತಕದಲ್ಲಿ ದಾಖಲಾಗಲಿ. ಕಾಲೇಜಿನ ಕಪಾಟು ಸೇರಿದ ವರದಿಗೆ ಉತ್ತರ ಕೊಡಬೇಕಾದವರು ಯಾರೂ ಇರುವುದಿಲ್ಲ. ನಡವಳಿಯಲ್ಲಿ ಸೇರಿದ ಮಾತಿಗೆ ನಾವೆಲ್ಲರೂ ಉತ್ತರದಾಯಿಗಳಾಗುತ್ತೇವೆ. ಶಿಬಿರದ ಹೊರತಾಗಿಯೂ ವರ್ಷಕ್ಕೆ 120 ಗಂಟೆಗಳ ಸೇವೆ ಇರುವುದರಿಂದ, ಕೆಲಸ ಎಷ್ಟು ಮುಂದುವರಿದಿದೆಯೆಂದು ನೋಡಲು ಮಕ್ಕಳನ್ನು ಮತ್ತೆ ಕರೆಸಿಕೊಳ್ಳಲೂ ಅವಕಾಶವಿದೆ.

ಇದರಿಂದ ತಮಗೆ ಇರುಸುಮುರುಸಾಗುವ ಪ್ರಸಂಗಗಳೂ ಬರಬಹುದು. ಹದಿನೆಂಟರ ಹುಡುಗಿಯೊಬ್ಬಳು ಎದ್ದು ನಿಂತು, ಈ ಬೀದಿಯ ನಲ್ಲಿಯಲ್ಲಿ ನೀರು ಏಕೆ ಬರುತ್ತಿಲ್ಲ ಎಂದು ಕೇಳಬಹುದು. ದಯವಿಟ್ಟು ಅವಳನ್ನು ಕೂರಿಸಬೇಡಿ. ಹದಿನೆಂಟಕ್ಕೆ ಮತದಾನದ ಹಕ್ಕು ಬರುತ್ತದೆ. ಇಪ್ಪತ್ತೊಂದಕ್ಕೆ ಪಂಚಾಯಿತಿಗೆ ಸ್ಪರ್ಧಿಸುವ ಅರ್ಹತೆ ಬರುತ್ತದೆ. ಇಂದು ಪ್ರಶ್ನೆ ಕೇಳುವ ಧೈರ್ಯ ಪಡೆದವರೇ ನಾಳೆ ತಾವು ಕುಳಿತಿರುವ ಸ್ಥಾನದಲ್ಲಿ ಕುಳಿತು ಉತ್ತರ ಹೇಳಬೇಕಾದವರು.

ಮುಂದಿನ ಬಾರಿ ಶಿಬಿರದ ಮನವಿ ಪತ್ರ ಹಿಡಿದು ನಮ್ಮ ವಿದ್ಯಾರ್ಥಿಗಳು ತಮ್ಮ ಕಚೇರಿಗೆ ಬಂದಾಗ, ಅನುಮತಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಅವರಿಗೆ ಕೊಡಿ: “ಎಂಟನೆಯ ದಿನ ಈ ಕೆಲಸವನ್ನು ನೋಡಿಕೊಳ್ಳುವವರು ಯಾರು?” ಉತ್ತರವನ್ನು ಅವರೂ ತಾವೂ ಕುಳಿತು ಕಂಡುಕೊಂಡ ಮೇಲೆ ಗುದ್ದಲಿ ಎತ್ತೋಣ.