ಕೇಳುವ ಕೆಲಸ ನಮ್ಮದು
(ಯುವಕ ಸಂಘದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜೋಪಚಾರವನ್ನು ಕುರಿತೋ ಗೊಬ್ಬರದ ಗುಂಡಿಯನ್ನು ಕುರಿತೋ ನಾನು ಮಾತನಾಡುವುದು ವಾಡಿಕೆ. ಕೃಷಿ ಡಿಪ್ಲೊಮಾ ಓದಿ ಬಂದವನಿಗೆ ಅದೇ ಸುಲಭ. ಈ ದಿನ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಬಡವರ ಮನೆಗಳನ್ನು ರಿಪೇರಿ ಮಾಡಿಕೊಡುವುದನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದಿರುವ ಕ್ರೈಸ್ತ ಯುವಕ ಯುವತಿಯರ ಸಂಗತಿ ಅದು. ಅವರು ಇರುವುದು ಅಮೆರಿಕದಲ್ಲಿ. ಅಷ್ಟು ದೂರದ ಮಾತು ಇಲ್ಲೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನಮ್ಮ ಊರಿನಲ್ಲಿಯೇ ಉಂಟು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹೋದ ಬೇಸಗೆಯಲ್ಲಿ ನಾವೆಲ್ಲ ಶ್ರಮದಾನ ಮಾಡಿ ಈ ಸಂಘದ ಮುಂದೆ ಧ್ವಜದ ಕಟ್ಟೆ ಕಟ್ಟಿದೆವು. ಮೂವತ್ತು ಜನ, ಎರಡು ದಿನದ ಕೆಲಸ. ಕಟ್ಟೆ ಚೆನ್ನಾಗಿಯೇ ಇದೆ. ಆ ಹೊತ್ತಿಗಾಗಲೇ ಹಿಂದಿನ ಕೇರಿಯ ಒಬ್ಬ ಅಜ್ಜಿಯ ಮನೆಯ ಮೇಲೆ ಹತ್ತು ಹನ್ನೆರಡು ಹಂಚು ಒಡೆದಿದ್ದವು. ಮಳೆಗಾಲ ಬಂದ ಮೇಲೆ ಸೋರಿದ ನೀರೆಲ್ಲ ಮಣ್ಣಿನ ಗೋಡೆಗೆ ಇಳಿಯಿತು. ಆರಿದ್ರಾ ಮಳೆ ಹಿಡಿದ ನಾಲ್ಕನೆಯ ರಾತ್ರಿ ಆ ಗೋಡೆ ಕುಸಿಯಿತು. ಅಜ್ಜಿ ಒಲೆಯ ಪಕ್ಕದಲ್ಲಿ ಮಲಗಿದ್ದರಿಂದ ಉಳಿದುಕೊಂಡರು. ಕಟ್ಟಿಹಾಕಿದ್ದ ಮೇಕೆ ಉಳಿಯಲಿಲ್ಲ. ಈಗ ಅವರು ಮಗಳ ಊರಿನಲ್ಲಿದ್ದಾರೆ.

ಆ ಮನೆಯ ಮುಂದೆ ನಾನು ವಾರಕ್ಕೆರಡು ಸಲ ಹಾದುಹೋಗುತ್ತಿದ್ದೆ. ಅವರಿಗೆ ಹೊಲವಿಲ್ಲ, ಆದ್ದರಿಂದ ನನ್ನ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ಗೋಡೆ ಬಿದ್ದ ಮಾರನೆಯ ದಿನ, “ಒಂದು ಮಾತು ಹೇಳಬಾರದಿತ್ತೆ, ಅಜ್ಜಿ?” ಎಂದೆ. “ಕೇಳಿದ್ರೆ ನೀವು ಮಾಡ್ತಿದ್ರಿ ಕಣಪ್ಪ. ಕೇಳೋದು ಹೆಂಗೆ?” ಎಂದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಇಂಥ ಕೆಲಸವನ್ನು ಬೇರೆ ಕಡೆ ಯಾರಾದರೂ ಸರಿಯಾಗಿ ಮಾಡಿದ್ದಾರೆಯೆ ಎಂದು ಹುಡುಕಿ ಓದುತ್ತ ಹೋದಾಗ ಈ ಜನರ ವಿಚಾರ ತಿಳಿಯಿತು.

ಅಮೆರಿಕ ಸಿರಿವಂತರ ದೇಶವೆಂದು ನಾವು ತಿಳಿದಿದ್ದೇವೆ. ಆದರೆ ಅದರ ಪೂರ್ವಭಾಗದಲ್ಲಿ ಅಪಲೇಚಿಯ ಎಂಬ ಬೆಟ್ಟದ ಸೀಮೆ ಇದೆ. ಕೆಂಟಕಿ, ಟೆನೆಸಿ, ವರ್ಜೀನಿಯ, ಪಶ್ಚಿಮ ವರ್ಜೀನಿಯ ಮೊದಲಾದ ರಾಜ್ಯಗಳಲ್ಲಿ ಅದು ಹರಡಿಕೊಂಡಿದೆ. ಅಲ್ಲಿನ ಜನಕ್ಕೆ ಕಲ್ಲಿದ್ದಲಿನ ಗಣಿಯೇ ಜೀವನಾಧಾರವಾಗಿತ್ತು. ಗಣಿಗಳಿಗೆ ಯಂತ್ರಗಳು ಬಂದ ಮೇಲೆ ಸಾವಿರಾರು ಜನರ ಕೂಲಿ ನಿಂತಿತು. 1964ರ ಏಪ್ರಿಲ್ ತಿಂಗಳಲ್ಲಿ ಅಂದಿನ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಕೆಂಟಕಿಯ ಐನೆಜ್ ಎಂಬ ಊರಿನ ಬಳಿ ಒಂದು ಬಡ ಸಂಸಾರದ ಮನೆಯ ಜಗಲಿಯಲ್ಲಿ ಕುಳಿತು ಕಷ್ಟಸುಖ ವಿಚಾರಿಸಿದರು. ಆ ಚಿತ್ರ ದೇಶವೆಲ್ಲ ಹರಡಿತು. ಬಡತನದ ಮೇಲೆ ಯುದ್ಧವೆಂದು ಸರಕಾರವೇ ಸಾರಿತ್ತು.

ಅದಾಗಿ ಐದು ವರ್ಷಕ್ಕೆ, 1969ರಲ್ಲಿ, ಗ್ಲೆನ್ ಇವಾನ್ಸ್ ಎಂಬ ಮೆಥೊಡಿಸ್ಟ್ ಪಾದ್ರಿಗಳು ಅಪಲೇಚಿಯ ಸರ್ವಿಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಜನ ಅವರನ್ನು ಟೆಕ್ಸ್ ಇವಾನ್ಸ್ ಎಂದೇ ಕರೆಯುತ್ತಿದ್ದರು. ಮೊದಲನೆಯ ಬೇಸಗೆಯಲ್ಲಿ ಬಂದವರು 50 ಮಂದಿ. ಅವರು ಕೆಂಟಕಿಯ ಬಾರ್ಬರ್‌ವಿಲ್ ಎಂಬಲ್ಲಿ ಸರಿಪಡಿಸಿದ ಮನೆಗಳು 4. ಲೆಕ್ಕ ಸಣ್ಣದೆಂದು ಅವರು ನಾಚಿಕೊಳ್ಳಲಿಲ್ಲ. ಮರುವರ್ಷ ಮತ್ತೆ ಬಂದರು. ಐವತ್ತು ವರ್ಷಗಳಿಗೂ ಮೀರಿ ಆ ಕೆಲಸ ನಡೆದುಬಂದು ಸಾವಿರಾರು ಮನೆಗಳಿಗೆ ಮುಟ್ಟಿದೆ.

ಕೆಲಸದ ರೀತಿ ಹೀಗಿದೆ. ಬೇಸಗೆ ರಜೆಯಲ್ಲಿ ಚರ್ಚುಗಳ ಹೈಸ್ಕೂಲು ಹುಡುಗ ಹುಡುಗಿಯರು, ಜೊತೆಗೆ ಕೆಲವರು ಹಿರಿಯರು, ಒಂದೊಂದು ವಾರದ ಮಟ್ಟಿಗೆ ಬರುತ್ತಾರೆ. ಖರ್ಚಿಗೆ ತಾವೇ ಹಣ ಕಟ್ಟುತ್ತಾರೆ. ಶಾಲೆಯ ಕಟ್ಟಡದಲ್ಲಿ ನೆಲದ ಮೇಲೆ ಹಾಸಿಗೆ ಬಿಡಿಸಿ ಮಲಗುತ್ತಾರೆ. ಆರೇಳು ಜನರ ಒಂದು ತಂಡಕ್ಕೆ ಒಂದು ಮನೆ. ಯಾವ ಮನೆಗೆ ಏನು ಬೇಕು, ಎಷ್ಟು ಹಲಗೆ, ಎಷ್ಟು ಮೊಳೆ ಎಂಬುದನ್ನು ಅಲ್ಲಿಯೇ ಬೇಸಗೆಯೆಲ್ಲ ನಿಲ್ಲುವ ಕಾಲೇಜು ವಿದ್ಯಾರ್ಥಿಗಳು ಮೊದಲೇ ನೋಡಿ ಸಾಮಾನು ತರಿಸಿರುತ್ತಾರೆ. ಒಂದು ತಂಡ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂದಿನ ವಾರದ ತಂಡ ಹಿಡಿಯುತ್ತದೆ. ಆದ್ದರಿಂದ “ಈ ಮನೆ ನಾನು ಮಾಡಿದ್ದು” ಎಂದು ಬೀಗುವುದಕ್ಕೆ ಯಾರಿಗೂ ಎಡೆಯಿಲ್ಲ. ಮನೆಯವರು ಒಂದು ಕಾಸನ್ನೂ ಕೊಡಬೇಕಾಗಿಲ್ಲ.

ಅವರ ಗುರಿ ಮೂರೇ ಮಾತು: ಮನೆ ಬೆಚ್ಚಗಿರಬೇಕು, ಒಣಗಿರಬೇಕು, ಅಪಾಯವಿಲ್ಲದಿರಬೇಕು. ಇದರಲ್ಲಿ ನಾವು ಕಲಿಯತಕ್ಕ ಒಂದು ಕ್ರಮವಿದೆ. ಅಲ್ಲಿನ ಮನೆಗಳು ಹೆಚ್ಚಾಗಿ ಮರದವು. ಗಿಡ್ಡ ಕಂಬಗಳ ಮೇಲೆ ಅಡ್ಡತೊಲೆ ಇಟ್ಟು ಅದರ ಮೇಲೆ ಹಲಗೆಯ ನೆಲ ಹಾಸಿರುತ್ತಾರೆ. ಸೂರು ಸೋರಿದರೆ ನೀರು ಗೋಡೆಯೊಳಗೆ ಇಳಿದು, ತೊಲೆಯ ತುದಿಯನ್ನು ಕೊಳೆಸಿ, ಕೊನೆಗೆ ನೆಲವೇ ಕುಸಿಯುತ್ತದೆ. ನೆಲ ಕುಸಿದದ್ದು ಕಣ್ಣಿಗೆ ಕಾಣುತ್ತದೆ; ರೋಗದ ಮೂಲ ಮಾತ್ರ ಮೇಲಿರುತ್ತದೆ. ಸೂರನ್ನು ಬಿಟ್ಟು ಹೊಸ ಹಲಗೆ ಹಾಸಿದರೆ ಅದೂ ಕೊಳೆಯುತ್ತದೆ. ಆದ್ದರಿಂದ ಮೊದಲು ನೀರಿನ ದಾರಿ ತಡೆಯಬೇಕು, ಆಮೇಲೆ ತೊಲೆ, ಆಮೇಲೆ ನೆಲ. ಬಣ್ಣ ಎಲ್ಲಕ್ಕೂ ಕೊನೆಗೆ. ಚಳಿಗಾಲದಲ್ಲಿ ನೆಲದ ಕೆಳಗೆ ಗಾಳಿ ನುಗ್ಗಿದರೆ ಕೊಳಾಯಿಯ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಅದಕ್ಕೆಂದು ನೆಲದಡಿಗೆ ಬೆಚ್ಚನೆಯ ಹೊದಿಕೆ ಕಟ್ಟುತ್ತಾರೆ. ಕಾಲಿಲ್ಲದವರು ಗಾಲಿಕುರ್ಚಿಯಲ್ಲಿದ್ದರೆ ಮೆಟ್ಟಿಲಿಗೆ ಬದಲು ಇಳಿಜಾರು ದಾರಿ ಮಾಡಿಕೊಡುತ್ತಾರೆ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಎಂಬುದು ಅಲ್ಲಿನ ಲೆಕ್ಕ. ಅದಕ್ಕಿಂತ ಕಡಿದಾದರೆ ಕುರ್ಚಿಯನ್ನು ಒಬ್ಬರೇ ಏರಿಸುವುದು ಕಷ್ಟ.

ಇಷ್ಟೇ ಆಗಿದ್ದರೆ ಇದು ಬಡಗಿಯ ಕೆಲಸವೆನ್ನಬಹುದಿತ್ತು. ನನ್ನ ಮನಸ್ಸಿಗೆ ಹಿಡಿದ ವಿಚಾರ ಇನ್ನೊಂದು. ಜನ ಎಲ್ಲಿದ್ದಾರೋ ಅಲ್ಲಿಯೇ, ಹೇಗಿದ್ದಾರೋ ಹಾಗೆಯೇ ಅವರನ್ನು ಒಪ್ಪಿಕೊಳ್ಳಬೇಕೆಂಬುದು ಇವಾನ್ಸರು ಹಾಕಿಕೊಟ್ಟ ನಡೆ. ಮನೆಯವರು ಯಾವ ಚರ್ಚಿಗೆ ಹೋಗುತ್ತಾರೆ, ಹೋಗುತ್ತಾರೋ ಇಲ್ಲವೋ ಎಂಬುದರ ಮೇಲೆ ಕೆಲಸ ನಿಂತಿಲ್ಲ. ಏಸುಸ್ವಾಮಿ ಬಡಗಿಯ ಮನೆಯಲ್ಲಿ ಬೆಳೆದವರು; ಅವರ ಹೆಸರಿನಲ್ಲಿ ಸುತ್ತಿಗೆ ಹಿಡಿಯುವುದೇ ಈ ಮಕ್ಕಳಿಗೆ ಪೂಜೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮನೆಯವರ ಜೊತೆಗೆ ಜಗಲಿಯಲ್ಲಿ ಕುಳಿತು ಉಣ್ಣುತ್ತಾರೆ. ಕೈಲಾಗುವ ಮನೆಯವರು ತಾವೂ ಕೆಲಸಕ್ಕೆ ಸೇರುತ್ತಾರೆ. ಹೀಗೆ ನಡೆದಾಗ ಮನೆಯವನು ಯಜಮಾನನಾಗಿಯೇ ಉಳಿಯುತ್ತಾನೆ, ಬಂದವರು ಅತಿಥಿಗಳು. ಅಜ್ಜಿ ಹೇಳಿದ “ಕೇಳೋದು ಹೆಂಗೆ” ಎಂಬ ಸಂಕಟಕ್ಕೆ ಇದೇ ಉತ್ತರವೆಂದು ನನಗೆ ತೋರಿತು.

ಇದರಲ್ಲಿ ಕೊರತೆ ಇಲ್ಲವೆಂದು ನಾನು ಹೇಳಲಾರೆ. ಹದಿನಾರು ವರ್ಷದ ಹುಡುಗನ ಕೈಗೆ ಗರಗಸ ಕೊಟ್ಟರೆ ಹಲಗೆ ಒಂದೆರಡು ಕೆಡುತ್ತವೆ. ತಿಳಿದವರೊಬ್ಬರು ಪಕ್ಕದಲ್ಲಿ ನಿಲ್ಲಲೇಬೇಕು. ಸೂರು ಸರಿಯಾದ ಮಾತ್ರಕ್ಕೆ ಮನೆಯವನಿಗೆ ಕೂಲಿ ಸಿಗುವುದಿಲ್ಲ. ಮುಚ್ಚಿದ ಗಣಿ ತೆರೆಯುವುದಿಲ್ಲ. ಸರಕಾರ ಮಾಡಬೇಕಾದ ಕೆಲಸ ಸರಕಾರಕ್ಕೇ ಉಳಿದಿರುತ್ತದೆ. ಆದರೆ ಮಳೆಗೆ ಇದೆಲ್ಲ ತಿಳಿಯದು. ಅದು ತನ್ನ ಕಾಲಕ್ಕೆ ಬಂದೇ ಬರುತ್ತದೆ.

ಇಂಥ ಸೇವೆಗೆ ನಮ್ಮ ದೇಶವೂ ಹೊಸದಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಆಗ ಸ್ವಿಟ್ಜರ್ಲೆಂಡಿನಿಂದ ಪಿಯೆರ್ ಸೆರೆಸೋಲ್ ಎಂಬ ಎಂಜಿನಿಯರರು ಬಂದರು. ಅವರು ಯುದ್ಧವನ್ನು ಒಪ್ಪದ ಕ್ರೈಸ್ತರು. 1920ರಲ್ಲಿ ಫ್ರಾನ್ಸಿನ ವೆರ್ಡನ್ ಬಳಿ ಯುದ್ಧದಲ್ಲಿ ಹಾಳಾದ ಒಂದು ಹಳ್ಳಿಯನ್ನು ಸರಿಪಡಿಸಲು ಗೆಳೆಯರನ್ನು ಕಟ್ಟಿಕೊಂಡು ಹೋಗಿದ್ದವರು. ಮುಜಫ್ಫರ್‌ಪುರದ ಕಡೆ ಭೂಕಂಪವೂ ನೆರೆಯೂ ಕೂಡಿ ಜನ ನೆಲೆ ಕಳೆದುಕೊಂಡಿದ್ದರು. ಸೆರೆಸೋಲರೂ ಅವರ ಕೆಲವರು ಸಂಗಡಿಗರೂ 1937ರವರೆಗೆ ಅಲ್ಲಿನವರ ಜೊತೆ ಸೇರಿ ಹೊಸ ನೆಲೆಯಲ್ಲಿ ಮನೆಗಳನ್ನು ಎಬ್ಬಿಸಿದರು. ಬಿಳಿಯ ದೊರೆಗಳು ಆಳುತ್ತಿದ್ದ ಕಾಲದಲ್ಲಿ ಬಿಳಿಯರೊಬ್ಬರು ಮಣ್ಣು ಹೊತ್ತದ್ದನ್ನು ಆ ಹಳ್ಳಿಗರು ಕಂಡರು.

ಗೆಳೆಯರೆ, ಇನ್ನು ನಮ್ಮ ಮಾತಿಗೆ ಬರೋಣ. ಮೃಗಶಿರ ಮಳೆಗೆ ಇನ್ನೂ ಆರು ವಾರವಿದೆ. ನಾನು ಬೇಡುವುದು ಇಷ್ಟೆ. ಬರುವ ಭಾನುವಾರ ಇಬ್ಬಿಬ್ಬರಾಗಿ ಎಲ್ಲ ಕೇರಿಗಳಿಗೂ ಹೋಗೋಣ. ಒಂದನ್ನೂ ಬಿಡುವುದು ಬೇಡ. ಹೊರಗೆ ನಿಂತು ಲೆಕ್ಕ ಹಾಕುವುದು ಬೇಡ. ಮನೆಯವರ ಅಪ್ಪಣೆ ಪಡೆದು, “ಮಳೆ ಬಂದಾಗ ನೀರು ಎಲ್ಲಿ ಇಳಿಯುತ್ತದೆ?” ಎಂದು ಅವರ ಬಾಯಿಂದಲೇ ತಿಳಿಯೋಣ. ಹಂಚು, ರೀಪು, ಗೋಡೆಯ ಬುಡ, ಈ ಮೂರನ್ನು ನೋಡೋಣ. ಹಂಚು ಕೊಳ್ಳಲು ಸಂಘದ ಹಣ ಸಾಲದಿದ್ದರೆ, ಹೊಸ ಮನೆ ಕಟ್ಟಿದವರ ಹಿತ್ತಿಲಲ್ಲಿ ಹಳೆಯ ಹಂಚು ರಾಶಿ ಬಿದ್ದಿರುತ್ತದೆ, ಕೇಳಿ ತರೋಣ. ನಮ್ಮೂರಿನ ಬಡಗಿಗಳೂ ಗಾರೆಯವರೂ ಒಂದು ದಿನ ಮುಂದೆ ನಿಂತು ಕೈ ತೋರಿಸಲಿ. ಕೆಲಸ ಮಾಡಿಸಿಕೊಂಡ ಮನೆಯ ಹೆಸರನ್ನು ಫಲಕದಲ್ಲಿ ಬರೆಯುವುದು ಬೇಡ, ಪಟ ತೆಗೆಯುವುದು ಬೇಡ.

ಪಟ್ಟಿಯ ಮೊದಲನೆಯ ಮನೆ ಯಾವುದೆಂದು ನಿಮಗೆ ತಿಳಿದೇ ಇದೆ. ಆ ಗೋಡೆಯನ್ನು ಎಬ್ಬಿಸುವ ಮೊದಲು ಅಜ್ಜಿಯ ಒಪ್ಪಿಗೆ ಬೇಕು. ಸೋಮವಾರ ನಾನು ಅವರ ಮಗಳ ಊರಿಗೆ ಹೋಗುತ್ತೇನೆ. ಈ ಸಲ ಅವರು ಕೇಳಬೇಕಾಗಿಲ್ಲ; ಕೇಳುವ ಕೆಲಸ ನಮ್ಮದು. ನನ್ನ ಜೊತೆ ಬರುವವರು ಬೆಳಗಿನ ಬಸ್ಸಿಗೆ ಸಿದ್ಧವಾಗಿರಿ.