ಇರುಳಿಗ ಎಂದೇ ಹೇಳಿ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಶಾಲೆಯ ನೆನಪುಗಳನ್ನು ಹೇಳಬೇಕೆಂದು ಸಮಿತಿಯವರು ಕೇಳಿದ್ದಾರೆ. ನನಗೆ ಮೊದಲು ನೆನಪಾಗುವುದು ನಾನು ಇಲ್ಲಿ ಹೇಳಿದ ಒಂದು ಸುಳ್ಳು. ಎಂಟನೇ ತರಗತಿಗೆ ಸೇರಿದ ಮೊದಲ ವಾರ ಪಕ್ಕದಲ್ಲಿ ಕೂತಿದ್ದ ಹುಡುಗ, ‘ಯಾವೂರ್ಲಾ ನಿಂದು?’ ಅಂದ. ನಮ್ಮ ದೊಡ್ಡಿಯ ಹೆಸರು ಹೇಳಿದರೆ ನಾವು ಯಾರೆಂದು ಗೊತ್ತಾಗಿಬಿಡುತ್ತಿತ್ತು. ಪಕ್ಕದ ದೊಡ್ಡ ಊರಿನ ಹೆಸರು ಹೇಳಿದೆ. ಮೂರು ವರ್ಷ ಆ ಸುಳ್ಳನ್ನು ಕಾಪಾಡಿಕೊಂಡೆ. ಗೆಳೆಯರು ಮನೆಗೆ ಬರುತ್ತೇವೆಂದರೆ ಏನಾದರೂ ನೆಪ ಹೇಳಿ ತಪ್ಪಿಸುತ್ತಿದ್ದೆ. ಆ ಗೆಳೆಯರಲ್ಲಿ ಕೆಲವರು ಇವತ್ತು ಇಲ್ಲೇ ಕೂತಿದ್ದಾರೆ. ಅವರ ಮುಂದೆ ನಿಜ ಹೇಳುತ್ತೇನೆ: ನಾನು ಇರುಳಿಗ.

ರಾಮನಗರ, ಮಾಗಡಿ, ಕನಕಪುರದ ಕಾಡಂಚಿನ ದೊಡ್ಡಿಗಳಲ್ಲಿ ನಮ್ಮವರಿದ್ದಾರೆ. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ನಮ್ಮ ಹೆಸರಿದೆ. ಹೆಜ್ಜೇನು ಇಳಿಸುವುದು, ಕಾಡುಗೆಣಸು ಅಗೆಯುವುದು, ಮಾಕಳಿ ಬೇರು ಕಿತ್ತು ಸಂತೆಗೆ ಒಯ್ಯುವುದು ನಮ್ಮ ಹಿರಿಯರ ಬದುಕಾಗಿತ್ತು. ನಿಮ್ಮ ಮನೆಯ ಮಾಕಳಿ ಉಪ್ಪಿನಕಾಯಿಯ ಬೇರನ್ನು ನಮ್ಮವರೇ ಅಗೆದಿರಬಹುದು. ಕಾಡು ಕೈತಪ್ಪಿದ ಮೇಲೆ ಮಾವಿನ ತೋಟದ ಕಾವಲು, ಕೂಲಿ, ಜೀತ. ನಮ್ಮ ತಾತ ಜೀತ ಮಾಡಿದವರು. ಜೀತ ಪದ್ಧತಿ ರದ್ದತಿ ಕಾಯಿದೆ 1976ರಲ್ಲಿ ಬಂತು. ನಮ್ಮ ದೊಡ್ಡಿಗೆ ಆ ಸುದ್ದಿ ತಲುಪುವುದು ತಡವಾಯಿತು.

ನಮ್ಮ ಅಜ್ಜಿಗೆ ಗುಡಿ ಇರಲಿಲ್ಲ. ಕಾಡೊಳಗೆ ಒಂದು ಮರ, ಅದರ ಬುಡದಲ್ಲಿ ಒಂದು ಕಲ್ಲು. ಜೇನು ಸಿಕ್ಕರೆ ಮೊದಲ ತುತ್ತು ಅಲ್ಲಿಗೆ. ಗೆಣಸು ಅಗೆದರೆ ತುದಿಯನ್ನು ಮತ್ತೆ ಮಣ್ಣಿಗೆ ಹೂಳುತ್ತಿದ್ದಳು. ‘ಎಲ್ಲಾ ತಿಂದ್ರೆ ಮುಂದ್ಲೊರ್ಸ ಏನ್ ತಿಂತೀಯಾ?’ ಎಂಬುದೇ ಅವಳ ಮಂತ್ರ. ಹೈಸ್ಕೂಲಿಗೆ ಬಂದ ಮೇಲೆ ನಾನು ಆ ಕಲ್ಲಿನ ಕಡೆ ಹೋಗಲಿಲ್ಲ. ನಾಚಿಕೆ.

ಮಕ್ಕಳೇ, ನಾನು ರಾತ್ರಿ ಓದುತ್ತಿದ್ದುದು ಹರಿಕೇನ್ ಲಾಟೀನಿನ ಬೆಳಕಿನಲ್ಲಿ. ‘ಹರಿಕೇನ್’ ಎಂಬ ಮಾತು ಎಲ್ಲಿಯದೆಂದು ಬಹಳ ವರ್ಷಗಳ ನಂತರ ತಿಳಿಯಿತು. ಅದು ಕೆರಿಬಿಯನ್ ದ್ವೀಪಗಳ ಟೈನೋ ಎಂಬ ಮೂಲನಿವಾಸಿಗಳ ಮಾತು. 1492ರಲ್ಲಿ ಕೊಲಂಬಸ್‌ಗೆ ಮೊದಲು ಎದುರಾದವರು ಆ ಜನ. ಯುದ್ಧ, ದುಡಿತ, ಹೊಸ ರೋಗಗಳಿಂದ ಕೆಲವೇ ದಶಕಗಳಲ್ಲಿ ಅವರಲ್ಲಿ ಹೆಚ್ಚಿನವರು ಸತ್ತರು. ಆ ಜನ ಪೂರಾ ಅಳಿದುಹೋದರೆಂದು ಪುಸ್ತಕಗಳು ಬರೆದವು. ಆದರೆ ಪೋರ್ಟೊ ರಿಕೊದಂಥ ದ್ವೀಪಗಳಲ್ಲಿ ‘ನಾವು ಇದ್ದೇವೆ’ ಎನ್ನುವ ಕುಟುಂಬಗಳಿವೆ. ಬಹಾಮಾಸ್‌ನಲ್ಲಿ ಸಿಕ್ಕ ಸಾವಿರ ವರ್ಷ ಹಿಂದಿನ ಒಂದು ಹಲ್ಲನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅದಕ್ಕೂ ಇಂದಿನ ಪೋರ್ಟೊ ರಿಕೊ ಜನರಿಗೂ ರಕ್ತಸಂಬಂಧ ಇದೆಯೆಂದು 2018ರಲ್ಲಿ ಪ್ರಕಟಿಸಿದರು. ಆ ಜನ ಇಂದು ತಮ್ಮ ಹಿರಿಯರ ಭಾಷೆಯನ್ನೂ ದೇವರನ್ನೂ ಹಳೆಯ ಬರಹಗಳಿಂದ, ಅಜ್ಜಿಯರು ಉಳಿಸಿದ ಚೂರುಪಾರು ನೆನಪಿನಿಂದ ಆಯ್ದು ಕೂಡಿಸಿಕೊಳ್ಳುತ್ತಿದ್ದಾರೆ.

ಇದನ್ನು ಓದಿದ ದಿನ ನಿದ್ದೆ ಬರಲಿಲ್ಲ. ಅವರಿಂದ ಕಿತ್ತುಕೊಂಡದ್ದನ್ನು ನಾನು ನಾನಾಗಿಯೇ ಬಿಟ್ಟುಕೊಟ್ಟಿದ್ದೆ.

ಬಿಟ್ಟದ್ದರ ಬೆಲೆ ಎಷ್ಟೆಂದು ಗೊತ್ತಾದದ್ದು ಅರಣ್ಯ ಹಕ್ಕು ಕಾಯಿದೆಯ ಅರ್ಜಿ ಹಾಕುವಾಗ. 2006ರ ಆ ಕಾಯಿದೆಯ ಪ್ರಕಾರ 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಕಾಡಿನ ನೆಲದಲ್ಲಿ ನೆಲೆಸಿರುವ ಪರಿಶಿಷ್ಟ ಪಂಗಡದವರಿಗೆ ಹಕ್ಕುಪತ್ರ ಸಿಗಬೇಕು. ಪುರಾವೆ ಏನು? ಕಾಗದಪತ್ರವೇ ಬೇಕೆಂದಿಲ್ಲ. ನಿಯಮ 13ರಲ್ಲಿ ಹಳೆಯ ಬಾವಿ, ಸ್ಮಶಾನ, ಪೂಜೆಯ ಸ್ಥಳ, ಹಿರಿಯರ ಹೇಳಿಕೆ ಕೂಡ ಪುರಾವೆ ಎಂದಿದೆ. ಅಂದರೆ ಅಜ್ಜಿಯ ಕಲ್ಲೇ ನಮ್ಮ ದಾಖಲೆ!

ಅಪ್ಪನಿಗೆ ಕಣ್ಣು ಮಂಜಾಗಿತ್ತು. ‘ಕಲ್ಲು ತೋರ್ಸಪ್ಪ’ ಎಂದು ನನ್ನನ್ನೇ ಕೇಳಿದರು. ಇಡೀ ದಿನ ಹುಡುಕಿದೆ, ಸಿಗಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ತನ್ನ ಮನೆದೇವರ ದಾರಿ ಗೊತ್ತಿರಲಿಲ್ಲ. ಕೊನೆಗೆ ಇನ್ನೊಂದು ದೊಡ್ಡಿಯಲ್ಲಿದ್ದ ಸೋದರತ್ತೆ ಬಂದು, ಲಂಟಾನ ಪೊದೆ ಸರಿಸಿ ತೋರಿಸಿದರು. ಅವರಿಗೆ ಅಕ್ಷರ ಬಾರದು. ಅವರ ಹೇಳಿಕೆಯನ್ನು ನಾನು ಬರೆದೆ, ಅವರು ಹೆಬ್ಬೆಟ್ಟು ಒತ್ತಿದರು. ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಕಲ್ಲಿನ ದಾರಿ ಈಗ ನನಗೂ ಗೊತ್ತು, ನನ್ನ ಮಗಳಿಗೂ ಗೊತ್ತು. ಅಜ್ಜಿಯ ಮಾತು ಮಾತ್ರ ಮಗಳಿಗೆ ಬರುವುದಿಲ್ಲ. ನನಗೂ ಅರ್ಧಂಬರ್ಧ.

ಹೆಸರು ಬದಲಾಗುವುದು ನಮ್ಮ ಸೀಮೆಗೆ ಹೊಸದಲ್ಲ. ಟಿಪ್ಪು ಕಾಲದ ಶಂಸೇರಾಬಾದ್ ಆಮೇಲೆ ಕ್ಲೋಸ್‌ಪೇಟೆಯಾಯಿತು, ರಾಮನಗರವಾಯಿತು. 2007ರಲ್ಲಿ ಜಿಲ್ಲೆಯಾಯಿತು, ಈಗ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಹೆಸರು ಬದಲಾದರೂ ಬಂಡೆಬೆಟ್ಟಗಳು ಇದ್ದಲ್ಲೇ ಇವೆ. ಜನರ ವಿಷಯ ಹಾಗಲ್ಲ. ಹೆಸರು ಹೇಳಲು ನಾಚಿಕೊಂಡರೆ ಎರಡೇ ತಲೆಮಾರಿನಲ್ಲಿ ಅವರ ದಾರಿಗಳೂ ಮರೆತುಹೋಗುತ್ತವೆ.

ಆದ್ದರಿಂದ ಎರಡು ಮನವಿ. ಗುರುಗಳೇ, ಸುವರ್ಣ ಮಹೋತ್ಸವದ ನೆನಪಿಗೆ ಮಕ್ಕಳ ಕೈಗೆ ಒಂದೊಂದು ನೋಟ್‌ಬುಕ್ ಕೊಡಿ. ತಮ್ಮ ಅಜ್ಜ, ಅಜ್ಜಿಯರಿಂದ ಗಿಡದ ಹೆಸರು, ದೇವರ ಜಾಗ, ಮನೆಮಾತು ಬರೆದು ತರಲಿ. ಇರುಳಿಗರ ಮಕ್ಕಳು ಮಾತ್ರವಲ್ಲ, ಎಲ್ಲರೂ ತರಲಿ. ಅದು ಶಾಲೆಯ ಲೈಬ್ರರಿಯಲ್ಲಿ ಇರಲಿ.

ಎರಡನೆಯದು ನಮ್ಮ ದೊಡ್ಡಿಗಳ ಮಕ್ಕಳಿಗೆ. 2023ರಲ್ಲಿ ತಮಿಳುನಾಡಿನ ಇರುಳ ಸಮುದಾಯದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಎಂಬ ಇಬ್ಬರು ಹಾವು ಹಿಡಿಯುವವರಿಗೆ ಪದ್ಮಶ್ರೀ ಬಂತು. ಹಿರಿಯರಿಂದ ಕಲಿತ ವಿದ್ಯೆಗೆ ಸಿಕ್ಕ ಗೌರವ ಅದು. ಪಕ್ಕದಲ್ಲಿ ಕೂತವರು ‘ಯಾವೂರ್ಲಾ?’ ಎಂದು ಕೇಳಿದರೆ ದೊಡ್ಡಿಯ ಹೆಸರನ್ನೇ ಹೇಳಿ. ಅವರು ಮನೆಗೆ ಬರುತ್ತೇನೆಂದರೆ ಕರೆದುಕೊಂಡು ಹೋಗಿ.

ನನ್ನ ಗೆಳೆಯರಿಗೂ ಅದೇ ಮಾತು. ಹೇಳುವುದಕ್ಕೆ ಬಹಳ ವರ್ಷ ತಡವಾಯಿತು. ಬನ್ನಿ, ನಮ್ಮ ದೊಡ್ಡಿಗೆ ಊಟಕ್ಕೆ ಬನ್ನಿ.