ಮಿತಿಯುಂಟು, ಮುಕ್ತಿಯಿಲ್ಲ



ಕಂಪನಿಗಳ ಹೆಸರಿನ ಕೊನೆಯಲ್ಲಿ ‘ಲಿಮಿಟೆಡ್’ ಎಂಬ ಪದವನ್ನು ನೀವು ನೋಡಿರುತ್ತೀರಿ. ಸದಸ್ಯರ ಹೊಣೆಗೆ ಮಿತಿಯಿದೆ ಎಂದು ಅದರ ಅರ್ಥ, ಹೊಣೆಯೇ ಇಲ್ಲವೆಂದಲ್ಲ.

2020ರಲ್ಲಿ ರಿಲಯನ್ಸ್ ಇಂಡಸ್ಟ್ರೀಸ್ ಕಂಪನಿಯು ತನ್ನ ಷೇರುದಾರರಿಗೆ 1,257 ರೂಪಾಯಿ ದರದಲ್ಲಿ ಹೊಸ ಷೇರುಗಳನ್ನು ನೀಡಿತು. ಅರ್ಜಿಯೊಡನೆ ಕಟ್ಟಬೇಕಾಗಿದ್ದುದು ಷೇರಿಗೆ 314.25 ರೂಪಾಯಿ ಮಾತ್ರ. ಉಳಿದ ಹಣವನ್ನು 2021ರಲ್ಲಿ ಎರಡು ಕಂತುಗಳಲ್ಲಿ ಕೇಳಲಾಯಿತು. ಹೀಗೆ ಕೇಳುವುದಕ್ಕೆ ‘ಕರೆ’ ಎನ್ನುತ್ತಾರೆ.

ಕರೆ ಬಂದ ಮೇಲೆ ಆ ಬಾಕಿಯು ಸದಸ್ಯನು ಕಂಪನಿಗೆ ತೀರಿಸಬೇಕಾದ ಸಾಲ. ಒಂದೇ ವರ್ಗದ ಷೇರುಗಳ ಮೇಲೆ ಕರೆಯು ಸಮಾನವಾಗಿರಬೇಕೆಂದು 2013ರ ಕಂಪನಿ ಕಾಯಿದೆ ಹೇಳುತ್ತದೆ. ಹಣ ಕಟ್ಟದಿದ್ದರೆ, ಕಂಪನಿಯ ನಿಯಮಾವಳಿಯಲ್ಲಿ ಅವಕಾಶವಿದ್ದಲ್ಲಿ, ಷೇರು ಮುಟ್ಟುಗೋಲಾಗಬಹುದು.

ಒಂದು ಕಂಪನಿ ದಿವಾಳಿಯಾಯಿತೆನ್ನಿ. ಆಗಲೂ ಷೇರಿನ ಬಾಕಿಯನ್ನು ಸದಸ್ಯನು ಕಟ್ಟಲೇಬೇಕು. ಕಾರ್ಮಿಕರ ಸಂಬಳ, ಸರಕು ಕೊಟ್ಟವರ ಹಣ ತೀರಿಸಲು ಅದೂ ಒದಗುತ್ತದೆ. ಆದರೆ ಕಂಪನಿಯ ಸಾಲ ಕೋಟಿಗಟ್ಟಲೆ ಇದ್ದರೂ, ಬಾಕಿಯನ್ನು ಮೀರಿ ಒಂದು ರೂಪಾಯಿಯನ್ನೂ ಷೇರುದಾರನೆಂಬ ಕಾರಣಕ್ಕೆ ಅವನಿಂದ ಕೇಳುವಂತಿಲ್ಲ. ಪೂರ್ತಿ ಹಣ ಕಟ್ಟಿದವನಿಗೆ ಹಾಕಿದ್ದಷ್ಟೇ ನಷ್ಟ.

ಆದುದರಿಂದ ಮುಂದೆ ಷೇರು ಕೊಳ್ಳುವಾಗ ಬೆಲೆಯೊಂದನ್ನೇ ನೋಡಬೇಡಿ. ಕಟ್ಟಲು ಉಳಿದಿರುವುದೆಷ್ಟು ಎಂದೂ ಕೇಳಿ.